ಸೆನ್ಸರ್ ಸುಳ್ಳು ಹೇಳುತ್ತಾ, ನಾವೇ ಹೇಳಿಸ್ತೀವಾ? ಟರ್ಬೊ ಕಾರಿನ ಗಾಳಿ ಲೆಕ್ಕ

ಹೋದ ತಿಂಗಳು ಮೈಸೂರಿನ ಬನ್ನಿಮಂಟಪದ ಕಡೆಯ ಗ್ಯಾರೇಜೊಂದರಲ್ಲಿ ನನ್ನ ಚಿಕ್ಕಪ್ಪನ ಮಗನ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಸೆಕೆಂಡ್ ಹ್ಯಾಂಡ್, 1.8 ಲೀಟರ್ ಟರ್ಬೊ ಪೆಟ್ರೋಲ್. ಕಂಪನಿಯ ಏರ್ ಫಿಲ್ಟರ್ ಬಾಕ್ಸ್ ತೆಗೆಸಿ ದಪ್ಪ ಪೈಪ್ ಹಾಕಿಸಿದ್ದ. ವಾರದೊಳಗೆ ಚೆಕ್ ಎಂಜಿನ್ ಲೈಟ್ ಬಂತು. ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಒಳಗೆ ಸುತ್ತಿಗೆಯಲ್ಲಿ ಕುಟ್ಟಿದಂಥ ಸದ್ದು. ಬೇರೊಂದು ಕಡೆ "ಸೆನ್ಸರ್ ಹೋಗಿದೆ" ಅಂತ ಹೇಳಿ ಹೊಸದನ್ನು ಹಾಕಿದ್ದರು. ದುಡ್ಡು ಹೋಯ್ತು, ಸದ್ದು ಹೋಗಲಿಲ್ಲ.

ಇಲ್ಲಿನ ಮೇಸ್ತ್ರಿ ಹೇಳಿದ್ದಿಷ್ಟೇ: "ಸೆನ್ಸರ್ ಸರಿಯಾಗೇ ಇದೆ ಸರ್. ಅದು ಕೂತಿರೋ ಜಾಗ ಬದಲಾಗಿದೆ."

ಸೆನ್ಸರ್ ಅಳೆಯೋದು ಏನನ್ನ?

ಗಾಳಿ ಹೋಗುವ ದಾರಿಯಲ್ಲಿ ಒಂದು ಬಿಸಿ ತಂತಿ ಇರುತ್ತೆ. ಹರಿಯುವ ಗಾಳಿ ಅದನ್ನು ತಣ್ಣಗೆ ಮಾಡುತ್ತೆ. ಬಿಸಿಯನ್ನು ಕಾಯ್ದುಕೊಳ್ಳಲು ಎಷ್ಟು ಕರೆಂಟ್ ಬೇಕೋ, ಅಷ್ಟು ಗಾಳಿ ಹೋಗ್ತಿದೆ ಅಂತ ಅರ್ಥ. ಹೀಗೆ ತೂಕದ ಲೆಕ್ಕವೇ ಸಿಗುವುದರಿಂದ ಸಮುದ್ರ ಮಟ್ಟದ ಮಂಗಳೂರಿಗೂ, ಸುಮಾರು 770 ಮೀಟರ್ ಎತ್ತರದ ಮೈಸೂರಿಗೂ ಒಂದೇ ಲೆಕ್ಕ ಸಾಕು.

ಆದರೆ ಸೆನ್ಸರ್ ಕಳಿಸೋದು ಬರೀ ವೋಲ್ಟ್. ಅದನ್ನು "ಸೆಕೆಂಡಿಗೆ ಇಷ್ಟು ಗ್ರಾಂ" ಎಂದು ಬದಲಿಸುವುದು ಕಾರಿನ ಕಂಪ್ಯೂಟರ್‌ನಲ್ಲಿರುವ ಒಂದು ಟೇಬಲ್. ಆ ಟೇಬಲ್ ಬರೆದದ್ದು ಒಂದು ನಿರ್ದಿಷ್ಟ ಪೈಪಿಗಾಗಿ. ಪೈಪ್ ಬದಲಾದರೆ ಟೇಬಲ್ ಸುಳ್ಳಾಗುತ್ತೆ.

ನೀವೇ ಲೆಕ್ಕ ಹಾಕಿ. ಹಳೆ ಪೈಪಿನ ವ್ಯಾಸ 65 ಮಿ.ಮೀ., ಹೊಸದು 70. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ: 4900 ಭಾಗಿಸು 4225, ಅಂದರೆ 1.16. ತಂತಿಯ ಪಕ್ಕ ಅದೇ ವೇಗದಲ್ಲಿ ಗಾಳಿ ಹೋದರೂ ಒಟ್ಟು ಗಾಳಿ ಶೇ. 16ರಷ್ಟು ಜಾಸ್ತಿ. ಕಂಪ್ಯೂಟರ್‌ಗೆ ಇದು ಗೊತ್ತಿಲ್ಲ. ಹಳೆ ಲೆಕ್ಕಕ್ಕೇ ಪೆಟ್ರೋಲ್ ಹಾಕುತ್ತೆ.

ನಿಧಾನವಾಗಿ ಓಡಿಸುವಾಗ ಸೈಲೆನ್ಸರ್ ಕಡೆಯ ಆಮ್ಲಜನಕ ಸೆನ್ಸರ್ ಈ ತಪ್ಪು ಹಿಡಿದು ಪೆಟ್ರೋಲ್ ಏರಿಸುತ್ತೆ. ಈ ತಿದ್ದುಪಡಿಗೆ ಟ್ರಿಮ್ ಅಂತಾರೆ. ಆದರೆ ಟರ್ಬೊ ಪೂರ್ತಿ ಗಾಳಿ ತುಂಬುವಾಗ ಬಹಳಷ್ಟು ಕಾರುಗಳಲ್ಲಿ ಈ ಕಾವಲು ಇರೋದಿಲ್ಲ. ಪೆಟ್ರೋಲ್ ಕಮ್ಮಿ ಬೀಳುತ್ತೆ. ಜೊತೆಗೆ ಗಾಳಿ ಕಮ್ಮಿ ಇದೆ, ಎಂಜಿನ್ ಮೇಲೆ ಹೊರೆಯೂ ಕಮ್ಮಿ ಎಂದು ನಂಬಿದ ಕಂಪ್ಯೂಟರ್ ಕಿಡಿಯನ್ನು ಇನ್ನೂ ಬೇಗ ಹಚ್ಚುತ್ತೆ. ಬೆಟ್ಟದಲ್ಲಿ ಕೇಳಿದ್ದು ಆ ಸದ್ದೇ. ಹಾಗೇ ಓಡಿಸಿದರೆ ಪಿಸ್ಟನ್ ಕರಗುತ್ತೆ.

ಟೇಬಲ್ ಮುಟ್ಟುವ ಮೊದಲು

ಮೇಸ್ತ್ರಿ ಲ್ಯಾಪ್‌ಟಾಪ್ ಜೋಡಿಸಿದಾಗ ಟ್ರಿಮ್ ಶೇ. 22 ಇತ್ತು. ಅಷ್ಟನ್ನೂ ಗಾಳಿ ಟೇಬಲ್‌ಗೆ ಸೇರಿಸಿಬಿಟ್ಟರೆ ಲೈಟ್ ಆರುತ್ತೆ, ಗಿರಾಕಿಯೂ ಖುಷಿ. ಅವರು ಹಾಗೆ ಮಾಡಲಿಲ್ಲ.

ಮೊದಲು ಪೈಪುಗಳಿಗೆ ಹೊಗೆ ಬಿಟ್ಟು ಸೋರಿಕೆ ನೋಡಿದರು. ಸೆನ್ಸರ್ ಮತ್ತು ಟರ್ಬೊ ನಡುವೆ ಸೋರಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತೆ. ಟರ್ಬೊ ಆದಮೇಲೆ ಸೋರಿದರೆ ಲೆಕ್ಕಕ್ಕೆ ಸಿಕ್ಕ ಗಾಳಿ ಹೊರಗೆ ಹೋಗುತ್ತೆ. ಗೇರ್ ಬದಲಿಸುವಾಗ "ಉಶ್" ಅನ್ನಲಿ ಅಂತ ಹುಡುಗರು ಹಾಕಿಸುವ ವಾಲ್ವ್ ಮಾಡೋದೂ ಇದನ್ನೇ: ಅಳೆದ ಗಾಳಿಯನ್ನು ಬೀದಿಗೆ ಚೆಲ್ಲುತ್ತೆ, ಅದಕ್ಕೆ ಹಾಕಿದ ಪೆಟ್ರೋಲ್ ಹಾಗೇ ಉಳಿಯುತ್ತೆ.

ಸೋರಿಕೆ ಇರಲಿಲ್ಲ. ಆಮೇಲೆ ಹಳೆ ಪೈಪನ್ನೇ ಮತ್ತೆ ಹಾಕಿ, ಅದೇ ಪೆಟ್ರೋಲ್‌ನಲ್ಲಿ ಓಡಿಸಿದರು. ಟ್ರಿಮ್ ಆಗಲೂ ಶೇ. 6 ಇತ್ತು! ಕಾರಣ ಇ20. ಎಥೆನಾಲ್ ಬೆರೆಸದ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ. ಇದು ಸೆನ್ಸರ್ ತಪ್ಪಲ್ಲ, ಹಾಗಾಗಿ ಇಂಧನದ ಲೆಕ್ಕದಲ್ಲೇ ಸರಿಯಾಗಬೇಕು. ಗಾಳಿಯ ಲೆಕ್ಕಕ್ಕೆ ತುರುಕಿದರೆ ಇಲ್ಲದ ಗಾಳಿಯನ್ನು ಇದೆ ಅಂತ ತೋರಿಸಿದ ಹಾಗಾಗುತ್ತೆ, ಕಿಡಿಯ ಸಮಯವೂ ತಪ್ಪುತ್ತೆ.

ಉಳಿದದ್ದು 1.22 ಭಾಗಿಸು 1.06, ಅಂದರೆ 1.15. ಪೈಪಿನ ವಿಸ್ತೀರ್ಣ ಹೇಳಿದ್ದು 1.16. ತಾಳೆ ಆಯ್ತು.

ತಿದ್ದುವುದು ಹೀಗೆ

ದಪ್ಪ ಪೈಪ್ ಹಾಕಿ, ಕಾರನ್ನು ಡೈನೋ ರೋಲರ್ ಮೇಲೆ ನಿಲ್ಲಿಸಿ, ಸೈಲೆನ್ಸರ್‌ಗೆ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿದರು. ಈ ಕೆಲಸವನ್ನು ರಿಂಗ್ ರೋಡಿನಲ್ಲಿ ಮಾಡಬೇಡಿ. ಕಡಿಮೆ ಹೊರೆಯಲ್ಲಿ ಟ್ರಿಮ್ ನೋಡಿ ತಿದ್ದಬೇಕು: 2.5 ವೋಲ್ಟ್‌ಗೆ 40 ಗ್ರಾಂ ಅಂತಿದ್ದರೆ, ಶೇ. 15 ಸೇರಿಸಿ 46. ಪೂರ್ತಿ ಹೊರೆಯಲ್ಲಿ ಲ್ಯಾಂಬ್ಡಾ ನೋಡಬೇಕು: ಕಂಪ್ಯೂಟರ್ ಕೇಳಿದ್ದು 0.85, ಸಿಕ್ಕಿದ್ದು 0.98, ಭಾಗಿಸಿದರೆ ಮತ್ತೆ 1.15. ಆ ವೋಲ್ಟ್‌ನ ಅಂಕಿಯನ್ನು ಅಷ್ಟರಿಂದ ಗುಣಿಸಬೇಕು. ಸದ್ದು ಬಂದರೆ ಆ ಕ್ಷಣವೇ ಕಾಲು ತೆಗೀಬೇಕು. ಕೊನೆಗೆ ಅಂಕಿಗಳ ಗೆರೆ ನುಣ್ಣಗಿರುವಂತೆ ನೋಡಿ, ಮತ್ತೆ ಓಡಿಸಿ, ಮತ್ತೆ ಪರೀಕ್ಷಿಸಬೇಕು.

ಇದರಲ್ಲಿ ರಾಜಕೀಯ ಎಲ್ಲಿದೆ?

ಪೆಟ್ರೋಲ್ ಬಂಕ್‌ನಲ್ಲಿ ಅನುಮಾನ ಬಂದರೆ 5 ಲೀಟರ್ ಮಾಪನದಲ್ಲಿ ಅಳೆದು ತೋರಿಸಿ ಅಂತ ಕೇಳುವ ಹಕ್ಕು ನಮಗಿದೆ. ಕಾರಿನೊಳಗಿನ ಟೇಬಲ್‌ಗೆ ಅಂಥ ಮಾಪನ ಇಲ್ಲ, ಅದಕ್ಕೆ ಬೀಗ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳನ್ನು ನಮ್ಮೂರ ಮೇಸ್ತ್ರಿಗಳು ಸ್ಕ್ರೂಡ್ರೈವರ್ ಹಿಡಿದೇ ಹದಕ್ಕೆ ತರ್ತಿದ್ದರು. ಇವತ್ತು ಅದೇ ಕೆಲಸಕ್ಕೆ ಕಂಪನಿಯ ಸಾಫ್ಟ್‌ವೇರ್ ಬೇಕು. ಬಿಡಿಭಾಗ ಮತ್ತು ತಪಾಸಣೆ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂ. ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿ ಹೋದವು.

ಹಾಗಂತ ಯಾರು ಬೇಕಾದರೂ ತಿದ್ದಲಿ ಅನ್ನೋದು ನನ್ನ ವಾದ ಅಲ್ಲ. ತಯಾರಕರ ಮೂಲ ವಿವರ ಮೀರಿ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. 2019ರ ತಿದ್ದುಪಡಿ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡೂ. ನಿಂತ ಕಾರಿನ ಹೊಗೆ ಮಾತ್ರ ನೋಡುವ ಪರೀಕ್ಷೆಗೆ ಬೆಟ್ಟ ಹತ್ತುವ ಕಾರಿನ ಹೊಗೆ ಕಾಣಲ್ಲ. ಅದನ್ನು ಉಸಿರಾಡೋರು ನಾವೇ.

ತಿದ್ದುವ ಹಕ್ಕು ಬೇರೆ, ಪರೀಕ್ಷಿಸುವ ಹಕ್ಕು ಬೇರೆ. ಎರಡನೆಯದು ಎಲ್ಲರಿಗೂ ಬೇಕು. ಅದಿಲ್ಲದ್ದರಿಂದಲೇ ನನ್ನ ತಮ್ಮ ಚೆನ್ನಾಗಿದ್ದ ಸೆನ್ಸರ್ ಎಸೆದು ಹೊಸದಕ್ಕೆ ದುಡ್ಡು ಕೊಟ್ಟಿದ್ದು. ಈಗ ಅವನ ಕಾರಿನಲ್ಲಿ ಹಳೆ ಪೈಪ್, ಹಳೆ ಟೇಬಲ್. ದಪ್ಪ ಪೈಪ್ ಮತ್ತು ತಿದ್ದಿದ ಫೈಲ್ ಟ್ರ್ಯಾಕ್‌ಗೆ ಹೋಗುವ ದಿನಕ್ಕೆ ಎತ್ತಿಟ್ಟಿದ್ದಾನೆ. ಹೋದ ಭಾನುವಾರ ಬೆಟ್ಟ ಹತ್ತಿದೆವು. ಸದ್ದು ಬರಲಿಲ್ಲ.