ಒಂದು ಕಡತ, ಇಬ್ಬರ ಕೈ

ಶಾಲೆಯ ಅಂಕಪಟ್ಟಿಯನ್ನು ಇಬ್ಬರು ಉಪಾಧ್ಯಾಯರು ಬೇರೆ ಬೇರೆಯಾಗಿ ನಕಲು ಮಾಡಿಕೊಂಡು ಮನೆಗೆ ಒಯ್ದರೆನ್ನಿ. ಒಬ್ಬರು ಗಣಿತದ ಅಂಕಗಳನ್ನು ತಿದ್ದಿದರು, ಇನ್ನೊಬ್ಬರು ಕನ್ನಡದವನ್ನು. ಮರುದಿನ ಮೊದಲು ಬಂದವರು ಹಳೆಯ ಪಟ್ಟಿಯನ್ನು ತೆಗೆದು ತಮ್ಮ ಪ್ರತಿಯನ್ನಿಟ್ಟರು. ಅನಂತರ ಬಂದವರು ಅದನ್ನೂ ತೆಗೆದು ತಮ್ಮದನ್ನಿಟ್ಟರು. ಮೊದಲಿನವರ ಶ್ರಮವೆಲ್ಲ ನೀರುಪಾಲು! ಇಬ್ಬರೂ ತಿದ್ದಿದ್ದು ಸರಿಯೇ. ಆದರೂ ಪಟ್ಟಿ ತಪ್ಪಾಯಿತು. ಗಣಕಯಂತ್ರದಲ್ಲಿ ಒಂದೇ ಕಡತವನ್ನು ಹಲವರು ತಿದ್ದುವಾಗ ಒದಗುವ ತೊಡಕೂ ಇದೇ ಜಾತಿಯದು. ಆ ಕಡತವು ಬಳಕೆದಾರರ ಹೆಸರು, ಗುಪ್ತಪದಗಳದ್ದಾದರೆ ಗಂಡಾಂತರ ಇನ್ನೂ ಹೆಚ್ಚು.

ಇದಕ್ಕೆ ಪ್ರಸಿದ್ಧ ನಿದರ್ಶನವೊಂದುಂಟು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1961ರಲ್ಲಿ ಮೊದಲು ಪ್ರದರ್ಶಿತವಾದ ‘ಸಿ.ಟಿ.ಎಸ್.ಎಸ್.’ ಎಂಬ ವ್ಯವಸ್ಥೆಯು ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸಲು ಅನುವು ಮಾಡಿಕೊಟ್ಟಿತು. ಒಳಬಂದ ಪ್ರತಿಯೊಬ್ಬರಿಗೂ ಅಂದಿನ ಸೂಚನೆಯೊಂದು ಅಚ್ಚಾಗಿ ಬರುತ್ತಿತ್ತು. ಆ ದಶಕದ ನಡುವೆ ಒಂದು ದಿನ, ಸೂಚನೆಯ ಬದಲು ಎಲ್ಲರ ಗುಪ್ತಪದಗಳ ಪಟ್ಟಿಯೇ ಅಚ್ಚಾಗತೊಡಗಿತು! ಯಂತ್ರವನ್ನು ನಿಲ್ಲಿಸಿ, ಗುಪ್ತಪದಗಳನ್ನೆಲ್ಲ ಬದಲಿಸಬೇಕಾಯಿತು.

ಇದು ಕಳ್ಳರ ಕೈವಾಡವಲ್ಲ. ಅಲ್ಲಿನ ತಿದ್ದುವ ಸಾಧನವು ಕೆಲಸದ ವೇಳೆ ಒಂದು ಕರಡನ್ನು ಇಟ್ಟುಕೊಳ್ಳುತ್ತಿತ್ತು. ಕರಡಿಗೆ ಯಾವಾಗಲೂ ಒಂದೇ ಹೆಸರು. ಒಬ್ಬರ ಕಪಾಟಿನಲ್ಲಿ ಒಬ್ಬರೇ ಕೆಲಸ ಮಾಡುವವರೆಗೆ ಬಾಧಕವಿರಲಿಲ್ಲ. ಆದರೆ ಮೇಲ್ವಿಚಾರಕರ ಕಪಾಟನ್ನು, ಅನುಕೂಲಕ್ಕೆಂದು, ಹಲವರು ಒಟ್ಟಿಗೆ ಬಳಸುವಂತೆ ಸಡಿಲಿಸಲಾಯಿತು. ಒಬ್ಬರು ಸೂಚನೆಯನ್ನೂ ಇನ್ನೊಬ್ಬರು ಗುಪ್ತಪದಗಳನ್ನೂ ಒಂದೇ ಹೊತ್ತಿನಲ್ಲಿ ತಿದ್ದತೊಡಗಲು, ಕರಡುಗಳು ಅದಲುಬದಲಾದುವು. ವ್ಯವಸ್ಥೆಯ ನಿರ್ಮಾತೃ ಫರ್ನಾಂಡೊ ಕೊರ್ಬಾಟೊ ಅವರು, 1990ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ತಾವೇ ವಿವರಿಸಿದರು.

ಹಾಗಾದರೆ ಪರಿಹಾರವೇನು? ಬೀಗ. ಯೂನಿಕ್ಸ್ ವರ್ಗದ ವ್ಯವಸ್ಥೆಗಳಲ್ಲಿ ಬಳಕೆದಾರರ ಪಟ್ಟಿಯನ್ನು ತಿದ್ದಲೆಂದೇ ‘ವಿ.ಐ.ಪಿ.ಡಬ್ಲ್ಯು.’ ಎಂಬ ಆದೇಶವಿದೆ. ಅದು ಮೊದಲು ಬೀಗ ಹಾಕುತ್ತದೆ. ಬೇರೊಬ್ಬರು ಆಗಲೇ ಹಾಕಿದ್ದರೆ, ‘ಈಗ ಆಗದು’ ಎಂದು ಹಿಂದಿರುಗಿಸುತ್ತದೆ. ತಿದ್ದುವುದು ಮೂಲವನ್ನಲ್ಲ, ಪ್ರತಿಯನ್ನು. ಕೆಲಸ ಮುಗಿದ ಮೇಲೆ ಪ್ರತಿಯನ್ನು ಒಂದೇ ಸಲಕ್ಕೆ ಮೂಲದ ಸ್ಥಾನದಲ್ಲಿಟ್ಟು ಬೀಗ ತೆಗೆಯುತ್ತದೆ. ಅರ್ಧ ಬರೆದ ಪಟ್ಟಿ ಯಾರ ಕಣ್ಣಿಗೂ ಬೀಳದು. ಇದು ಮುಖ್ಯ, ಪಟ್ಟಿ ಕೆಟ್ಟರೆ ಮೇಲ್ವಿಚಾರಕರೇ ಒಳಹೋಗಲಾರದೆ ಹೊರಗೆ ನಿಲ್ಲಬೇಕಾದೀತು.

ಆದರೆ ವಾಚಕರು ಒಂದನ್ನು ಗಮನಿಸಬೇಕು. ಇದು ಕಬ್ಬಿಣದ ಬೀಗವಲ್ಲ. ಬಾಗಿಲಿಗೆ ತೂಗುಹಾಕಿದ ‘ಒಳಗೆ ಕೆಲಸ ನಡೆದಿದೆ’ ಎಂಬ ಹಲಗೆಯಂಥದು. ಹಲಗೆಯನ್ನು ನೋಡದೆ ಸಾಮಾನ್ಯ ಸಾಧನದಿಂದ ನೇರವಾಗಿ ಕಡತವನ್ನು ತೆರೆಯುವ ಮೇಲ್ವಿಚಾರಕನನ್ನು ಅದು ತಡೆಯದು. ಕೆಲವೊಮ್ಮೆ ಕೆಲಸ ನಡುವೆಯೇ ನಿಂತು, ಹಲಗೆ ಮಾತ್ರ ಉಳಿದುಬಿಡುವುದೂ ಉಂಟು. ಆಗ ಒಳಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡೇ ಅದನ್ನು ತೆಗೆಯಬೇಕು. ಅವಸರಪಟ್ಟು ಕಿತ್ತೊಗೆದರೆ ಹಳೆಯ ಅನಾಹುತವೇ ಮರಳೀತು.

ಬೀಗವನ್ನು ಯಂತ್ರ ಹಾಕೀತು. ಅದಕ್ಕೆ ಮರ್ಯಾದೆ ಕೊಡಬೇಕಾದವರು ಮಾತ್ರ ಮನುಷ್ಯರೇ.