ಜೀಪು ಏಕೆ ಕುಣಿಯುತ್ತದೆ?

ಜೀಪು ಎಂದಮೇಲೆ ಕುಲುಕಲೇಬೇಕು, ಇಳಿದಮೇಲೆ ಮೈಕೈ ನೋಯಲೇಬೇಕು ಎಂದು ನಂಬಿದವರು ನಮ್ಮಲ್ಲಿ ಬಹುಮಂದಿ. ತೋಟ ಹಳ್ಳಿಯಲ್ಲಿ, ಮಕ್ಕಳ ಓದು ಪಟ್ಟಣದಲ್ಲಿ ಎಂದು ಎರಡು ಕಡೆ ಸಂಸಾರ ನಡೆಸುವ ಮಲೆನಾಡಿನ ಮನೆಗಳಲ್ಲಿ ಹಳೆಯದೊಂದು ಮಹೀಂದ್ರ ಜೀಪೋ, 1985ರಲ್ಲಿ ಮೊದಲು ಬಂದ ಮಾರುತಿ ಜಿಪ್ಸಿಯೋ ಇಂದಿಗೂ ಇರುವುದುಂಟು. ಅದು ಹೆಚ್ಚುಹೆಚ್ಚಾಗಿ ಕುಣಿಯತೊಡಗಿದರೆ, "ಪಾಪ, ವಯಸ್ಸಾಯಿತು" ಎಂದು ಮನೆಯವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗುವುದು ತರವಲ್ಲ. ಅನೇಕ ವೇಳೆ ಸವೆದಿರುವುದು ಬಂಡಿಯ ಕೆಳಗಿನ ನಾಲ್ಕು ಷಾಕ್ ಅಬ್ಸಾರ್ಬರುಗಳು ಮತ್ತು ಬೊಗಸೆಯಷ್ಟು ರಬ್ಬರು ಬುಷ್‌ಗಳು, ಅಷ್ಟೆ.

ಷಾಕ್ ಅಬ್ಸಾರ್ಬರು ಎಂದರೆ ಆಘಾತವನ್ನು ಹೀರುವಂಥದು ಎಂದರ್ಥ. ಕನ್ನಡ ಮೇಷ್ಟರಾದ ನನಗೆ ಈ ಹೆಸರು ಅಷ್ಟಾಗಿ ಒಪ್ಪದು. ಗುಂಡಿಗೆ ಬಿದ್ದ ಗಾಲಿಯ ಪೆಟ್ಟನ್ನು ತಾಳುವುದು ಸ್ಪ್ರಿಂಗು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ, ಬಿಲ್ಲಿನಂತೆ ಬಾಗಿರುವ ಆ ಸ್ಪ್ರಿಂಗೇ ಬಂಡಿಯ ಭಾರವನ್ನೂ ಹೊರುತ್ತದೆ. ಆದರೆ ಬಾಗಿದ ಸ್ಪ್ರಿಂಗು ಚಿಮ್ಮುತ್ತದೆ, ಚಿಮ್ಮಿದ್ದು ಮತ್ತೆ ಬಾಗುತ್ತದೆ. ಒಮ್ಮೆ ತಳ್ಳಿ ಬಿಟ್ಟ ಉಯ್ಯಾಲೆ ಎಷ್ಟೋ ಹೊತ್ತು ತೂಗುತ್ತಿರುವುದಿಲ್ಲವೆ? ಹಾಗೆ ತೂಗದಂತೆ ಕೈಯೊಡ್ಡಿ ಹಿಡಿಯುವುದು ಷಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಆಡುವ ಪಿಸ್ಟನ್ನು, ಅದರಲ್ಲಿ ಸಣ್ಣ ಕಿಂಡಿಗಳು. ಎಣ್ಣೆ ಆ ಕಿಂಡಿಗಳಲ್ಲಿ ಪ್ರಯಾಸದಿಂದ ನುಸುಳುವಾಗ ಕುಣಿತದ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಕಲ್ಲುದಾರಿಯಲ್ಲಿ ಓಡಿ ಬಂದ ಜೀಪಿನ ಕೊಳವೆಯನ್ನು ಮುಟ್ಟಿ ನೋಡಿದರೆ ಅದು ಬಿಸಿಯಾಗಿರುವುದು ಇದರಿಂದಲೇ. ಇದನ್ನು 'ಶಾಮಕ' ಎನ್ನಬಹುದಿತ್ತು. ಆದರೆ ಗ್ಯಾರೇಜಿನಲ್ಲಿ ಹಾಗೆಂದರೆ ಯಾರೂ ತೆಗೆದುಕೊಡಲಾರರು.

ಈ ಕುಣಿತ ಬರಿಯ ಬೆನ್ನುನೋವಿನ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಬ್ರೇಕು ಫಲಕೊಡುವುದು ಟೈರು ನೆಲವನ್ನು ಒತ್ತಿ ಹಿಡಿದಿರುವಾಗ ಮಾತ್ರ. ಪುಟಿಯುತ್ತಿರುವ ಗಾಲಿ ಕ್ಷಣಕ್ಷಣಕ್ಕೂ ನೆಲ ಬಿಡುತ್ತದೆ. ಮಡಿಕೇರಿಯ ಬಳಿ ಮಾಂದಲಪಟ್ಟಿಗೆ ಹತ್ತುವಂಥ ದಾರಿಯಿಂದ ಇಳಿಯುವಾಗ, ಹಿಂದೆ ಮಕ್ಕಳು ಕುಳಿತಿರುವಾಗ, ಆ ಒಂದು ಕ್ಷಣ ಸಣ್ಣದಲ್ಲ.

ಬಂಡಿಯ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಡಿ; ಒಮ್ಮೆ ಎದ್ದು ನಿಂತರೆ ಸರಿ, ಮತ್ತೆ ಮತ್ತೆ ತೂಗಿದರೆ ಕೆಟ್ಟಿದೆ ಎಂದು ಹೇಳುವುದುಂಟು. ಜೀಪಿನ ಮಟ್ಟಿಗೆ ಈ ಪರೀಕ್ಷೆಯೊಂದನ್ನೇ ನಂಬಬೇಡಿ. ಪಟ್ಟಿಗಳು ಒಂದನ್ನೊಂದು ಉಜ್ಜಿ ತಾವೇ ತೂಗಾಟವನ್ನು ಸ್ವಲ್ಪ ತಡೆಯುತ್ತವೆ. ಕೊಳವೆಯ ಮೈಮೇಲೆ ಎಣ್ಣೆ ಸೋರಿ ಧೂಳು ಮೆತ್ತಿದೆಯೆ, ಟೈರು ಅಲ್ಲಲ್ಲಿ ತಗ್ಗುತಗ್ಗಾಗಿ ಸವೆದಿದೆಯೆ ಎಂದು ನೋಡಿ. ಬುಷ್ ಸವೆದಿದ್ದರೆ ಹಳ್ಳ ದಾಟುವಾಗ ಟಕ್ ಟಕ್ ಸದ್ದು ಬರುತ್ತದೆ. ಸನ್ನೆಕೋಲಿನಿಂದ ಮೀಟಿದರೆ ಸಡಿಲ ಕಾಣುತ್ತದೆ. "ಇನ್ನೊಂದು ಪಟ್ಟಿ ಸೇರಿಸಿಬಿಡೋಣ, ಸಾರ್" ಎನ್ನುವವರೂ ಇದ್ದಾರೆ. ಒಪ್ಪಬೇಡಿ. ಸ್ಪ್ರಿಂಗು ಬಿರುಸಾದಷ್ಟೂ ಅದರ ಚಿಮ್ಮನ್ನು ಹಿಡಿಯುವುದು ಸವೆದ ಷಾಕ್ ಅಬ್ಸಾರ್ಬರಿಗೆ ಇನ್ನೂ ಕಷ್ಟ.

ಕೆಲಸ ಹಿಡಿಯುವ ಹಿಂದಿನ ರಾತ್ರಿಯೇ ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟಿರಬೇಕು. ಸಮನೆಲದಲ್ಲಿ ಗಾಲಿಗಳಿಗೆ ಅಡ್ಡ ಕೊಟ್ಟು, ಚಾಸಿಗೆ ಗಟ್ಟಿಯಾದ ಸ್ಟ್ಯಾಂಡು ಕೊಡಬೇಕು. ಜ್ಯಾಕೊಂದನ್ನೇ ನಂಬಿ ಬಂಡಿಯ ಕೆಳಗೆ ಯಾರೂ ನುಸುಳಕೂಡದು. ಒಂದೇ ಅಚ್ಚಿನ ಎರಡು ಷಾಕ್ ಅಬ್ಸಾರ್ಬರುಗಳನ್ನೂ ಒಟ್ಟಿಗೆ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದಾದರೆ ಎರಡು ಬದಿಯೂ ಒಂದೇ ತೆರನಾಗಿ ನಡೆಯವು. ಹೊಸದನ್ನು ನೆಟ್ಟಗೆ ಹಿಡಿದು ನಾಲ್ಕಾರು ಸಲ ಪೂರ್ತಿ ಎಳೆದು ಒತ್ತಿದರೆ ಒಳಗೆ ಸೇರಿದ ಗಾಳಿ ಹೊರಡುತ್ತದೆ. ರಬ್ಬರು ಬುಷ್ ಕೂರಿಸುವಾಗ ಸೋಪಿನ ನೀರು ಸವರಿ. ಗ್ರೀಸು, ಎಂಜಿನ್ ಎಣ್ಣೆ ತಾಗಿದ ರಬ್ಬರು ಉಬ್ಬಿ ಕೆಡುತ್ತದೆ. 1941ರ ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಮರೆಗಳಿರುವ ಲೋಹದ ಬುಷ್ ಇರುತ್ತದೆ. ಅದಕ್ಕೆ ಮಾತ್ರ ಗ್ರೀಸು ಬೇಕೇ ಬೇಕು.

ಇನ್ನು ಉಳಿದದ್ದು ಬೋಲ್ಟು ಬಿಗಿಯುವ ಹೊತ್ತು. ಹೊಸ ಬುಷ್ ಹಾಕಿದ ಕೆಲವೇ ತಿಂಗಳಲ್ಲಿ ಹರಿಯಿತು, ಮಾಲು ಕಳಪೆ ಎಂದು ಅಂಗಡಿಯವನನ್ನು ಬೈಯುವವರು ಇದನ್ನು ಗಮನವಿಟ್ಟು ಓದಬೇಕು. ಸ್ಪ್ರಿಂಗು ಬಾಗಿ ಏಳುವಾಗ ಅದರ ತುದಿಯ ಕಣ್ಣು ಅತ್ತಿತ್ತ ತಿರುಗುತ್ತದೆ. ಕಣ್ಣಿನಲ್ಲಿರುವ ರಬ್ಬರು ಜಾರುವುದಿಲ್ಲ. ಬೋಲ್ಟು ಬಿಗಿದ ಭಂಗಿಯನ್ನೇ ತನ್ನ ವಿಶ್ರಾಂತಿಯ ಭಂಗಿಯೆಂದು ಹಿಡಿದು, ಅಲ್ಲಿಂದ ಎರಡೂ ಕಡೆಗೆ ತಿರುಚಿಕೊಳ್ಳುತ್ತದೆ. ಬಂಡಿಯನ್ನು ಎತ್ತಿ ನಿಲ್ಲಿಸಿ, ಗಾಲಿ ತೂಗುಬಿದ್ದಿರುವಾಗಲೇ ಬಿಗಿದರೋ, ಬಂಡಿಯನ್ನು ಇಳಿಸಿದೊಡನೆ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿ ನಿಲ್ಲುತ್ತದೆ. ಕೊಟ್ಟಿಗೆಯಲ್ಲಿ ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಆದುದರಿಂದ ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಬಂಡಿಯನ್ನು ನೆಲಕ್ಕಿಳಿಸಿ, ಒಂದೆರಡು ಸಲ ಅದುಮಿ ಅಲುಗಾಡಿಸಿ, ಭಾರ ಪೂರ್ತಿ ಗಾಲಿಗಳ ಮೇಲೆ ಕುಳಿತ ಮೇಲೆ ಬಿಗಿಯಬೇಕು. ಷಾಕ್ ಅಬ್ಸಾರ್ಬರಿನ ತುದಿಗಳ ರಬ್ಬರು ಬುಷ್‌ಗಳಿಗೂ ಹೀಗೆಯೇ. ಬಗ್ಗಿ ಕೆಳಗೆ ಕೈಹಾಕುವುದು ತ್ರಾಸವೆಂದು ಮೆಕ್ಯಾನಿಕ್ಕು ಇದನ್ನು ತಪ್ಪಿಸಬಹುದು. ಎದುರಿಗೆ ನಿಂತು ಮಾಡಿಸಿಕೊಳ್ಳಿ. ಕೆಲವು ದಿನ ಓಡಿಸಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ನೋಡಿಸಿ, ಆಗಲೂ ಬಂಡಿ ನೆಲದ ಮೇಲೆಯೇ ಇರಲಿ.