ನೆಗಡಿ: ಔಷಧಿಗಿಂತ ಉಸಿರಿನ ಎಣಿಕೆ ಮುಖ್ಯ

ಮೂಗಿರುವ ತನಕ ನೆಗಡಿ ತಪ್ಪಿದ್ದಲ್ಲ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ದೊಡ್ಡವರಿಗೆ ವರ್ಷಕ್ಕೆ ಎರಡು-ಮೂರು ಸಲ, ಅಂಗನವಾಡಿ ಹಾಗೂ ಶಾಲೆಗೆ ಹೋಗುವ ಮಕ್ಕಳಿಗೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಹಜ. ಬಹುಪಾಲು ನೆಗಡಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಚಿಕ್ಕ ಮಕ್ಕಳಲ್ಲಿ ನೆಗಡಿಯಂತೆ ಆರಂಭವಾದ ಕಾಯಿಲೆ ಕೆಲವೊಮ್ಮೆ ನ್ಯುಮೋನಿಯಾಕ್ಕೆ ತಿರುಗಿ ಪ್ರಾಣಕ್ಕೆ ಅಪಾಯ ತರುತ್ತದೆ. ಈ ವ್ಯತ್ಯಾಸವನ್ನು ಮನೆಯಲ್ಲಿಯೇ ಗುರುತಿಸಲು ಸಾಧ್ಯ.

ನೆಗಡಿ ಹೇಗೆ ಬರುತ್ತದೆ?

ನೆಗಡಿಗೆ ಕಾರಣ ವೈರಸ್ ಎಂಬ ಸೂಕ್ಷ್ಮಾಣು. ಇವುಗಳಲ್ಲಿ ಮುಖ್ಯವಾದ ರೈನೋವೈರಸ್ ಒಂದರಲ್ಲಿಯೇ 150ಕ್ಕೂ ಹೆಚ್ಚು ಬಗೆಗಳಿವೆ. ಆದ್ದರಿಂದಲೇ ಒಮ್ಮೆ ಬಂದು ಹೋದರೂ ನೆಗಡಿ ಮತ್ತೆ ಬರುತ್ತದೆ. ಸೀನು, ಕೆಮ್ಮು ಮತ್ತು ಕೈಗಳ ಮೂಲಕ ಇದು ಹರಡುತ್ತದೆ. ಬಾಳೆಹಣ್ಣು, ಮೊಸರು ತಿಂದದ್ದರಿಂದ ನೆಗಡಿ ಬರುವುದಿಲ್ಲ.

ಮೂಗು ಸೋರುವುದೆಲ್ಲ ನೆಗಡಿಯಲ್ಲ. ಚನ್ನಗಿರಿ ಕಡೆ ಅಡಿಕೆ ಬೇಯಿಸುವ ಒಲೆಯ ಹೊಗೆ, ಹೊನ್ನಾಳಿ ಕಡೆ ಭತ್ತದ ಒಕ್ಕಣೆ, ನ್ಯಾಮತಿ ಮತ್ತು ಜಗಳೂರು ಕಡೆ ಮೆಕ್ಕೆಜೋಳದ ಒಕ್ಕಣೆಯ ಧೂಳಿನಿಂದಲೂ ಸೀನು ಬರುತ್ತದೆ. ಜ್ವರವಿಲ್ಲದೆ, ಕಣ್ಣು-ಮೂಗು ತುರಿಸಿ, ಕೆಲಸದ ದಿನಗಳಲ್ಲಿ ಮಾತ್ರ ಕಾಣಿಸಿದರೆ ಅದು ಅಲರ್ಜಿ ಇರಬಹುದು. ಕೆಲಸದ ವೇಳೆ ಮೂಗು-ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಳ್ಳಿ.

“ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ”

ಹೀಗೆ ಕೇಳುವವರು ಬಹಳ ಮಂದಿ. ಆಂಟಿಬಯೋಟಿಕ್ ಔಷಧಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ವೈರಸ್ಸನ್ನಲ್ಲ. ಅದರಿಂದ ನೆಗಡಿ ಒಂದು ದಿನವೂ ಬೇಗ ವಾಸಿಯಾಗುವುದಿಲ್ಲ. ಮೂರನೆಯ-ನಾಲ್ಕನೆಯ ದಿನ ಸಿಂಬಳ ಹಳದಿಯಾಗುವುದು ಸಹಜ. ಅಷ್ಟಕ್ಕೇ ಆಂಟಿಬಯೋಟಿಕ್ ಬೇಕಾಗಿಲ್ಲ. ಅನವಶ್ಯಕವಾಗಿ ತೆಗೆದುಕೊಂಡರೆ ಭೇದಿ, ಮೈಮೇಲೆ ಗಂಧೆ ಬರಬಹುದು. ಮುಂದೆ ನಿಜವಾಗಿ ಬೇಕಾದಾಗ ಔಷಧಿ ಕೆಲಸ ಮಾಡದೆ ಹೋಗಬಹುದು. ಪಟ್ಟಿಯ ಮೇಲೆ ಕೆಂಪು ಗೆರೆ ಇರುವ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ.

ಮಕ್ಕಳಿಗೆ ಸಿರಪ್ ಬೇಡ

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ವಿಷಕಾರಿ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದು, ಮೂತ್ರಪಿಂಡ ಕೆಟ್ಟು, 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಸೂಚಿಸಿತು. ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಇವು ಬೇಕಿಲ್ಲ. ದೊಡ್ಡ ಮಗುವಿಗೆ ಬರೆದುಕೊಟ್ಟ ಸಿರಪ್ಪನ್ನು ಚಿಕ್ಕದಕ್ಕೆ ಕುಡಿಸಬೇಡಿ. ಜ್ವರವಿದ್ದರೆ ಪ್ಯಾರಾಸಿಟಮಾಲ್ ಸಾಕು. ಅದನ್ನೂ ಮಗುವಿನ ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಿ.

ಮನೆಯಲ್ಲಿ ಮಾಡಬೇಕಾದದ್ದು

1. ವಿಶ್ರಾಂತಿ ಕೊಡಿ. ಬೆಚ್ಚಗಿನ ನೀರು, ಗಂಜಿ, ಮೆಣಸಿನ ಸಾರು ಆಗಾಗ ಕೊಡಿ. ಶುಂಠಿ-ತುಳಸಿ ಕಷಾಯದಿಂದ ಗಂಟಲಿಗೆ ಹಿತವಾಗುತ್ತದೆ. ಆದರೆ ರೋಗ ಬೇಗ ಹೋಗುವುದಿಲ್ಲ.
2. ಕಾಲು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಮೂಗು ಕಟ್ಟಿದ ಮಗುವಿಗೆ ಹಾಲು ಕುಡಿಸುವ ಮೊದಲು ಒಂದೆರಡು ಹನಿ ಬಿಡಿ. ಈ ನೀರನ್ನು ದಿನವೂ ಹೊಸದಾಗಿ ಮಾಡಿಕೊಳ್ಳಿ.
3. ಒಂದು ವರ್ಷ ದಾಟಿದ ಮಕ್ಕಳಿಗೆ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ ಕೊಡಬಹುದು. ಒಂದು ವರ್ಷದೊಳಗೆ ಜೇನು ಬೇಡ.
4. ಎದೆಹಾಲು ನಿಲ್ಲಿಸಬೇಡಿ. ತಾಯಿಗೆ ನೆಗಡಿಯಿದ್ದರೂ ಬಾಯಿ-ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈ ತೊಳೆದು ಹಾಲು ಕೊಡಲಿ.
5. ಮಗುವಿನ ಮೂಗಿಗೆ ಎಣ್ಣೆ ಬಿಡಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಸಾಂಬ್ರಾಣಿ ಹೊಗೆ, ಬೀಡಿ ಹೊಗೆ, ಸೌದೆ ಒಲೆಯ ಹೊಗೆಯಿಂದ ಮಗುವನ್ನು ದೂರವಿಡಿ. ಮಕ್ಕಳಿಗೆ ಬಿಸಿನೀರಿನ ಹಬೆ ಹಿಡಿಯಬೇಡಿ. ಪಾತ್ರೆ ಮಗುಚಿ ಸುಟ್ಟ ಗಾಯಗಳಾಗುತ್ತವೆ.

ಉಸಿರು ಎಣಿಸುವುದು ಹೇಗೆ?

ಅಳದೆ, ಹಾಲು ಕುಡಿಯದೆ ಮಗು ಶಾಂತವಾಗಿರುವಾಗ ಅಂಗಿ ಮೇಲೆತ್ತಿ. ಗಡಿಯಾರ ಅಥವಾ ಮೊಬೈಲ್ ನೋಡಿಕೊಂಡು ಹೊಟ್ಟೆ ಎಷ್ಟು ಸಲ ಮೇಲೇರುತ್ತದೆ ಎಂದು ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಕೆ ಹೀಗಿದ್ದರೆ ಕೂಡಲೇ ವೈದ್ಯರಲ್ಲಿಗೆ ಕರೆತನ್ನಿ:

- ಎರಡು ತಿಂಗಳೊಳಗಿನ ಕೂಸು: 60 ಅಥವಾ ಹೆಚ್ಚು
- ಎರಡು ತಿಂಗಳಿಂದ ಒಂದು ವರ್ಷ: 50 ಅಥವಾ ಹೆಚ್ಚು
- ಒಂದರಿಂದ ಐದು ವರ್ಷ: 40 ಅಥವಾ ಹೆಚ್ಚು

ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಸೆಳೆದುಕೊಳ್ಳುವುದು, ಹಾಲು-ನೀರು ಕುಡಿಯದಿರುವುದು, ತುಟಿ ನೀಲಿಯಾಗುವುದು, ಫಿಟ್ಸ್ ಬರುವುದು, ಎಬ್ಬಿಸಿದರೂ ಏಳದೆ ಮಂಕಾಗಿರುವುದು ಅಪಾಯದ ಚಿಹ್ನೆಗಳು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಕಾಯಬೇಡಿ. ಬೆಳಗಿನ ಬಸ್ಸಿಗೆ ಹೋದರಾಯಿತು ಎಂದು ರಾತ್ರಿ ಕಳೆಯದೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಬನ್ನಿ.

ದೊಡ್ಡವರು ಯಾವಾಗ ಬರಬೇಕು?

ಉಬ್ಬಸ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು, ವಯಸ್ಸಾದವರು ಮತ್ತು ಗರ್ಭಿಣಿಯರು ದಮ್ಮು, ಎದೆನೋವು ಅಥವಾ ಮೂರು ದಿನ ಮೀರಿದ ಜ್ವರವಿದ್ದರೆ ತಡಮಾಡಬಾರದು. ನೆಗಡಿ ಹೋದ ಮೇಲೂ ಕೆಮ್ಮು ಕೆಲವು ದಿನ ಉಳಿಯುವುದುಂಟು. ಆದರೆ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು, ಅದು ಕ್ಷಯವಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಹಾಗೂ ಚಿಕಿತ್ಸೆ ಉಚಿತ.

ಸೀನುವಾಗ ಮೊಣಕೈ ಅಡ್ಡ ಹಿಡಿಯಿರಿ. ಸಿಂಬಳ ಒರೆಸಿದ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ನೆಗಡಿಯಿರುವವರು ಹಸುಗೂಸನ್ನು ಎತ್ತಿ ಮುದ್ದಾಡಬೇಡಿ. ಉಸಿರು ಎಣಿಸುವ ಕ್ರಮವನ್ನು ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಗೂ ಕಲಿಸಿಕೊಡಿ.